ನೌರು ಯಾಕೆ ಪಾಸ್‌ಪೋರ್ಟ್ ಮಾರುತ್ತಿದೆ? ಸೇಡಂ, ಶಹಾಬಾದ್ ಕಡೆಯವರು ನೋಡಬೇಕಾದ ಒಂದು ಲೆಕ್ಕ

2025ರ ಫೆಬ್ರುವರಿಯಲ್ಲಿ ಪೆಸಿಫಿಕ್ ಸಾಗರದ ನೌರು ಎಂಬ ಪುಟ್ಟ ದೇಶ ತನ್ನ ಪೌರತ್ವವನ್ನು ಮಾರಾಟಕ್ಕಿಟ್ಟಿತು. ಕನಿಷ್ಠ ಬೆಲೆ 1,05,000 ಅಮೆರಿಕನ್ ಡಾಲರ್, ಅಂದರೆ ಹತ್ತಿರಹತ್ತಿರ 90 ಲಕ್ಷ ರೂಪಾಯಿ. ಸಮುದ್ರ ಏರುತ್ತಿದೆ, ದಂಡೆಯಲ್ಲಿರುವ ಜನರನ್ನು ಎತ್ತರದ ಜಾಗಕ್ಕೆ ಸಾಗಿಸಬೇಕು, ಅದಕ್ಕೆ ಹಣ ಬೇಕು ಎಂಬುದು ಅಲ್ಲಿನ ಸರ್ಕಾರ ಕೊಟ್ಟ ಕಾರಣ.

ಸುದ್ದಿ ಇಲ್ಲಿಯವರೆಗೆ ಅರ್ಥವಾಗುತ್ತದೆ. ಗೊಂದಲ ಶುರುವಾಗುವುದು ಮುಂದೆ. ಆ ಎತ್ತರದ ಜಾಗ ಬೇರೆ ದೇಶದಲ್ಲಿಲ್ಲ. ಅದೇ ದ್ವೀಪದ ನಡುವೆ ಇದೆ, ದಂಡೆಯ ಮನೆಗಳಿಂದ ಒಂದೆರಡು ಕಿಲೋಮೀಟರ್ ಒಳಗೆ. ತಮ್ಮದೇ ನೆಲಕ್ಕೆ ಹೋಗಲು ಒಂದು ದೇಶದವರು ಪಾಸ್‌ಪೋರ್ಟ್ ಯಾಕೆ ಮಾರಬೇಕು? ಸಮುದ್ರಕ್ಕೆ ಹೆದರಿರುವ ಇದೇ ದೇಶ ಸಮುದ್ರದ ತಳವನ್ನು ಅಗೆಯಲು ಎಲ್ಲರಿಗಿಂತ ಮುಂದೆ ಯಾಕೆ ನಿಂತಿದೆ? ಆಸ್ಟ್ರೇಲಿಯಾ ಬೇಡವೆಂದ ಜನರನ್ನು ತನ್ನಲ್ಲಿ ಇಟ್ಟುಕೊಳ್ಳಲು ಒಪ್ಪಿ ಅದಕ್ಕೂ ಯಾಕೆ ಹಣ ಪಡೆಯುತ್ತಿದೆ?

ಮೂರೂ ಪ್ರಶ್ನೆಗಳ ಉತ್ತರ ಆ ದ್ವೀಪದ ನಡುವಿನ ಖಣಿಗಳಲ್ಲಿದೆ. ಕಲಬುರಗಿ ಜಿಲ್ಲೆಯ ಸುಣ್ಣಗಲ್ಲಿನ ಸೀಮೆಯಾದ ಶಹಾಬಾದ್, ವಾಡಿ, ಮಳಖೇಡ, ಸೇಡಂ ಕಡೆ ಬದುಕುವವರಿಗೆ ಖಣಿ ಅಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ನೌರುವಿನ ಲೆಕ್ಕವನ್ನು ಮೊದಲಿನಿಂದ ಬಿಡಿಸಿ ನೋಡೋಣ.

ಇದ್ದೂ ಇಲ್ಲದ ಎತ್ತರ

ನೌರುವಿನ ಒಟ್ಟು ವಿಸ್ತೀರ್ಣ 21 ಚದರ ಕಿ.ಮೀ. ನಮ್ಮ ಎಕರೆ ಲೆಕ್ಕದಲ್ಲಿ 5,200 ಎಕರೆಯಷ್ಟು. ಒಂದು ದೊಡ್ಡ ಹಳ್ಳಿಯ ಸೀಮೆ. ಕಲಬುರಗಿ ಜಿಲ್ಲೆಯೊಳಗೆ ಅಂಥ 500ಕ್ಕೂ ಹೆಚ್ಚು ದೇಶಗಳು ಹಿಡಿಸುತ್ತವೆ. ಜನಸಂಖ್ಯೆ 12,000ದ ಆಸುಪಾಸು. ಭೂಮಧ್ಯರೇಖೆಯ ತುಸು ಕೆಳಗೆ ಒಂಟಿಯಾಗಿ ಬಿದ್ದಿರುವ ಈ ದ್ವೀಪಕ್ಕೆ ಹತ್ತಿರದ ನೆರೆ ಎಂದರೆ ಬನಾಬಾ ದ್ವೀಪ. ಅದೂ ಸುಮಾರು 300 ಕಿ.ಮೀ. ದೂರ.

ಕವುಚಿ ಇಟ್ಟ ತಾಟಿನಂತೆ ಈ ದ್ವೀಪದ ಆಕಾರ. ತಾಟಿನ ಅಂಚಿನಲ್ಲಿ ಕಿರಿದಾದ ಒಂದು ಪಟ್ಟಿ. ಮನೆ, ರಸ್ತೆ, ಆಸ್ಪತ್ರೆ, ವಿಮಾನ ನಿಲ್ದಾಣ ಎಲ್ಲವೂ ಅಲ್ಲೇ. ನಡುವಿನ ಎತ್ತರದ ಬಯಲನ್ನು ಅಲ್ಲಿಯವರು ‘ಟಾಪ್‌ಸೈಡ್’ ಎನ್ನುತ್ತಾರೆ. ಸಮುದ್ರ ಏರಿದರೆ ಮೊದಲು ಮುಳುಗುವುದು ಅಂಚು, ಉಳಿಯುವುದು ನಡುವಿನ ಬಯಲು. ಜನ ಅಲ್ಲಿಗೆ ಹೋಗಬಹುದಿತ್ತು. ಆದರೆ ದ್ವೀಪದ ಶೇ 80ರಷ್ಟು ನೆಲವನ್ನು ಫಾಸ್ಫೇಟ್‌ಗಾಗಿ ಅಗೆದು ತೆಗೆದಾಗಿದೆ. ಆ ಫಾಸ್ಫೇಟ್ ಮಣ್ಣು ಹವಳದ ಸುಣ್ಣಗಲ್ಲಿನ ಗೂಟಗಳ ಸಂದಿಯಲ್ಲಿ ತುಂಬಿಕೊಂಡಿತ್ತು. ಮಣ್ಣನ್ನೆಲ್ಲ ಕೆರೆದು ಒಯ್ದ ಮೇಲೆ ಉಳಿದದ್ದು ಗೂಟಗಳು ಮಾತ್ರ: ಆಳೆತ್ತರಕ್ಕಿಂತ ಹಲವು ಪಟ್ಟು ಎತ್ತರದ, ಚೂಪಾದ, ಬೂದುಬಣ್ಣದ ಕಲ್ಲಿನ ಕಾಡು. ಅಲ್ಲಿ ಉಳುವುದಕ್ಕಾಗದು, ಮನೆ ಕಟ್ಟುವುದಕ್ಕಾಗದು, ನೆಟ್ಟಗೆ ನಡೆಯುವುದಕ್ಕೂ ಆಗದು. ಕಾದ ಬಂಡೆಯಿಂದ ಏಳುವ ಬಿಸಿ ಮಳೆಮೋಡಗಳನ್ನು ಚದುರಿಸಿ ಬರಗಾಲವನ್ನು ಹೆಚ್ಚಿಸುತ್ತದೆ ಎಂಬ ವಾದವೂ ಇದೆ.

ಇಲ್ಲಿಗೆ ಮೊದಲ ಗೊಂದಲ ಬಿಡಿಸಿಕೊಳ್ಳುತ್ತದೆ. ನೌರುವಿಗೆ ಹಣ ಬೇಕಾಗಿರುವುದು ಕಳೆದುಕೊಂಡ ಜಾಗವನ್ನು ಮತ್ತೆ ನೆಲವಾಗಿಸಲು. ಗೂಟಗಳನ್ನು ಒಡೆದು ಮಟ್ಟಮಾಡಿ, ಮಣ್ಣು ಹೊಂದಿಸಿ, ನೀರು, ವಿದ್ಯುತ್, ಮನೆ ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. ಮೊದಲ ಹಂತಕ್ಕೆ ಗುರುತಿಸಿರುವ ಜಾಗ ಸುಮಾರು 10 ಹೆಕ್ಟೇರ್, ಅಂದಾಜು ಖರ್ಚು 6 ಕೋಟಿ ಡಾಲರ್‌ಗೂ ಮೇಲೆ. ಕನಿಷ್ಠ ದರದಲ್ಲೇ ಲೆಕ್ಕ ಹಾಕಿದರೆ ಇದೊಂದು ಹಂತಕ್ಕೇ ಸುಮಾರು 570 ಪಾಸ್‌ಪೋರ್ಟ್ ಮಾರಾಟವಾಗಬೇಕು. ಸ್ಥಳಾಂತರ ಆಗಬೇಕಿರುವುದು ದೇಶದ ಶೇ 90ರಷ್ಟು ಜನ.

ಡಿಎಪಿ ಚೀಲದ ಮೇಲಿನ 46

ಮುಂಗಾರಿ ಬಿತ್ತನೆಯ ಹೊತ್ತಿಗೆ ಡಿಎಪಿಗಾಗಿ ಸರದಿಯಲ್ಲಿ ನಿಲ್ಲುವ ನಮ್ಮ ರೈತರಿಗೆ ಚೀಲದ ಮೇಲಿನ 18:46:0 ಎಂಬ ಅಂಕಿ ಗೊತ್ತು. ಅದರಲ್ಲಿ 46 ಎಂಬುದು ರಂಜಕದ ಪಾಲು. ತೊಗರಿ ತನಗೆ ಬೇಕಾದ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ತಾನೇ ಬಹುಮಟ್ಟಿಗೆ ಮಾಡಿಕೊಳ್ಳುತ್ತದೆ. ರಂಜಕವನ್ನು ಮಾಡಿಕೊಳ್ಳಲಾರದು, ಅದು ನೆಲದಿಂದಲೇ ಸಿಗಬೇಕು. ನೆಲದಲ್ಲಿ ಸಾಲದಿದ್ದರೆ ಎಲ್ಲೋ ಬಂಡೆಯಿಂದ ಅಗೆದು ತಂದದ್ದನ್ನು ಹಾಕಬೇಕು. ನೂರಿಪ್ಪತ್ತು ವರ್ಷಗಳ ಹಿಂದೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಹೊಲ, ಹುಲ್ಲುಗಾವಲುಗಳಿಗೆ ಇದೇ ಕೊರತೆಯಿತ್ತು. ಆ ಕೊರತೆ ತುಂಬಿದ ಬಂಡೆ ನೌರುವಿನದು.

ಸಿಡ್ನಿಯ ಒಂದು ಕಂಪನಿಯ ಕಚೇರಿಯಲ್ಲಿ ಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದ ಕಲ್ಲೊಂದನ್ನು 1899ರಲ್ಲಿ ಆಲ್ಬರ್ಟ್ ಎಲ್ಲಿಸ್ ಎಂಬಾತ ಪರೀಕ್ಷೆ ಮಾಡಿದ. ಅದು ಉತ್ತಮ ದರ್ಜೆಯ ಫಾಸ್ಫೇಟ್ ಎಂದು ತಿಳಿಯಿತು. ಕಲ್ಲು ಬಂದದ್ದು ನೌರುವಿನಿಂದ. ಆಗ ದ್ವೀಪ ಜರ್ಮನಿಯ ವಸಾಹತು. ಗಣಿಗಾರಿಕೆ ಶುರುವಾದದ್ದು 1907ರ ಹೊತ್ತಿಗೆ. ಮೊದಲ ಮಹಾಯುದ್ಧದ ನಂತರ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೂರೂ ಕೂಡಿ ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್ ಎಂಬ ಸಂಸ್ಥೆ ಮಾಡಿಕೊಂಡವು. ತಮ್ಮ ರೈತರಿಗೆ ಅಗ್ಗದ ಗೊಬ್ಬರ ಸಿಗುವುದೇ ಅದರ ಗುರಿ. ಹೀಗಾಗಿ ಫಾಸ್ಫೇಟನ್ನು ಜಾಗತಿಕ ಬೆಲೆಗಿಂತ ಕಡಿಮೆಗೆ ಒಯ್ದರು. ಮೊದಮೊದಲು ನೆಲದ ಒಡೆಯರಿಗೆ ಸಿಕ್ಕಿದ್ದು ಟನ್ನಿಗೆ ಅರ್ಧ ಪೆನ್ನಿ. ಅಗೆದ ನೆಲವನ್ನು ಸರಿಮಾಡುವ ಖರ್ಚು ಆ ಬೆಲೆಯಲ್ಲಿ ಸೇರಿರಲಿಲ್ಲ. ನೌರುವಿನ ದುಃಖದ ಬೇರು ಇಲ್ಲಿದೆ: ಗೊಬ್ಬರ ಅಗ್ಗವಾಗಿ ಕಂಡದ್ದು ಅದರ ಪೂರ್ತಿ ಖರ್ಚನ್ನು ಯಾರೂ ಬಿಲ್ಲಿಗೆ ಸೇರಿಸದೆ ಹೋದದ್ದರಿಂದ.

1964ರಲ್ಲಿ ಆಸ್ಟ್ರೇಲಿಯಾ ಒಂದು ಪರಿಹಾರ ಮುಂದಿಟ್ಟಿತು. ಹೇಗೂ ದ್ವೀಪ ಮುಗಿಯುತ್ತಿದೆ, ಎಲ್ಲರೂ ಕ್ವೀನ್ಸ್‌ಲ್ಯಾಂಡಿನ ದಂಡೆಯ ಕರ್ಟಿಸ್ ದ್ವೀಪಕ್ಕೆ ಬಂದುಬಿಡಿ ಎಂದಿತು. ಇಡೀ ದೇಶಕ್ಕೆ ದೇಶವೇ ಗುಳೆ ಹೊರಡುವ ಪ್ರಸ್ತಾವ ಅದು. ನೌರುವಿನವರು ಒಪ್ಪಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಅವರಲ್ಲಿ 1,200 ಜನರನ್ನು ಟ್ರಕ್ ದ್ವೀಪಗಳಿಗೆ ಹಿಡಿದೊಯ್ದಿದ್ದರು. 1946ರ ಜನವರಿ 31ರಂದು ಮರಳಿ ಬಂದವರು 737 ಮಂದಿ ಮಾತ್ರ. ಊರು ಬಿಡುವುದೆಂದರೆ ಏನೆಂದು ಅವರಿಗೆ ಗೊತ್ತಿತ್ತು. 1968ರಲ್ಲಿ ಅದೇ ಜನವರಿ 31ರಂದು ಅವರು ಸ್ವತಂತ್ರರಾದರು.

ರೊಕ್ಕ ಎಲ್ಲಿ ಹೋಯಿತು?

ಸ್ವಾತಂತ್ರ್ಯದ ನಂತರ ಗಣಿ ನೌರುವಿನದಾಯಿತು. 1970ರ ದಶಕದಲ್ಲಿ ಬೆಲೆ ಏರಿ, ತಲಾ ಆದಾಯದಲ್ಲಿ ಜಗತ್ತಿನ ಅತಿ ಶ್ರೀಮಂತ ದೇಶಗಳ ಸಾಲಿಗೆ ನೌರು ಸೇರಿತು. ಆದಾಯ ತೆರಿಗೆ ಇರಲಿಲ್ಲ. ಚಿಕಿತ್ಸೆ, ಶಿಕ್ಷಣ ಉಚಿತ. ಫಾಸ್ಫೇಟ್ ಮುಗಿಯುವ ದಿನ ಬರುತ್ತದೆ ಎಂಬುದು ಅಲ್ಲಿನ ನಾಯಕರಿಗೆ ಗೊತ್ತಿರಲಿಲ್ಲವೆಂದಲ್ಲ. ಅದಕ್ಕಾಗಿಯೇ ನೌರು ಫಾಸ್ಫೇಟ್ ರಾಯಲ್ಟೀಸ್ ಟ್ರಸ್ಟ್ ಎಂಬ ನಿಧಿ ಇತ್ತು. 1990ರ ಆರಂಭದಲ್ಲಿ ಅದರಲ್ಲಿ 100 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚು ಆಸ್ತಿ ಇದೆಯೆಂಬ ಅಂದಾಜಿತ್ತು.

‘ಕೂತು ಉಂಡರೆ ಕುಡಿಕೆ ಹೊನ್ನು ಸಾಲದು’ ಎಂದು ನಮ್ಮಲ್ಲಿ ಹೇಳುತ್ತಾರೆ. ನೌರುವಿನ ಬಗ್ಗೆ ಬರೆಯುವ ಬಹಳ ಮಂದಿ ಈ ಅರ್ಥದಲ್ಲೇ ಮುಗಿಸಿಬಿಡುತ್ತಾರೆ: ಸೋಮಾರಿಗಳು, ಚೈನಿ ಮಾಡಿದರು, ಕಳಕೊಂಡರು. ಇದು ಅರ್ಧ ಸತ್ಯ, ಅನ್ಯಾಯದ ಮಾತು ಕೂಡ. ಮೊದಲನೆಯದಾಗಿ, ಸ್ವಾತಂತ್ರ್ಯಕ್ಕೆ ಮುಂಚೆಯೇ ಮೂರನೇ ಒಂದರಷ್ಟು ನೆಲ ಅಗೆದಾಗಿತ್ತು. ಎರಡನೆಯದಾಗಿ, ನಿಧಿ ಕರಗಿದ್ದು ಬರೀ ಉಂಡು ಅಲ್ಲ, ಅದನ್ನು ಹೂಡಿದ ರೀತಿಯಿಂದ. ಮೆಲ್ಬರ್ನ್‌ನಲ್ಲಿ 52 ಅಂತಸ್ತಿನ ನೌರು ಹೌಸ್ ಕಟ್ಟಿದರು. ಬೇರೆ ದೇಶಗಳಲ್ಲಿ ಹೋಟೆಲು, ಜಾಗ ಕೊಂಡರು. ಕೆಲವೇ ಸಾವಿರ ಜನರ ದೇಶಕ್ಕೆ ವಿಮಾನಗಳ ಸಾಲನ್ನೇ ಇಟ್ಟುಕೊಂಡ ಏರ್ ನೌರು ನಷ್ಟದಲ್ಲೇ ಹಾರಿತು. ಸಲಹೆಗಾರರ ಮಾತಿಗೆ ಓಗೊಟ್ಟು 1993ರಲ್ಲಿ ಲಂಡನ್ನಿನಲ್ಲಿ ಒಂದು ಸಂಗೀತ ನಾಟಕಕ್ಕೂ ಹಣ ಹಾಕಿದರು, ಅದು ಮುಳುಗಿತು.

ಇವುಗಳಿಗಿಂತ ದೊಡ್ಡ ತಪ್ಪು ಒಂದಿತ್ತು. ನಿಧಿಗೂ ಸರ್ಕಾರದ ದಿನಖರ್ಚಿಗೂ ನಡುವೆ ಗಟ್ಟಿ ಗೋಡೆ ಇರಲಿಲ್ಲ. ಫಾಸ್ಫೇಟ್ ಆದಾಯ ಇಳಿದಾಗ ಸರ್ಕಾರ ಖರ್ಚು ಇಳಿಸಲಿಲ್ಲ, ನಿಧಿಯ ಆಸ್ತಿಗಳನ್ನು ಒತ್ತೆಯಿಟ್ಟು ಸಾಲ ತಂದಿತು. ಬಡ್ಡಿ ಕಟ್ಟಲು ಮತ್ತೆ ಸಾಲ. 2004ರಲ್ಲಿ ಸಾಲ ಕೊಟ್ಟವರು ಆಸ್ತಿಗಳ ಮೇಲೆ ಕೈಯಿಟ್ಟರು, ನೌರು ಹೌಸ್ ಮಾರಾಟವಾಯಿತು. 2005ರ ಡಿಸೆಂಬರಿನಲ್ಲಿ ಉಳಿದಿದ್ದ ಒಂದೇ ವಿಮಾನವನ್ನೂ ಜಪ್ತಿ ಮಾಡಿದರು. ಹೊಲ ಮಾರಿದ ದುಡ್ಡನ್ನು ಬ್ಯಾಂಕಿನಲ್ಲಿಟ್ಟು, ಅದೇ ಠೇವಣಿಯ ಮೇಲೆ ಸಾಲ ಎತ್ತಿ ಮದುವೆ, ಗಾಡಿಗೆ ಸುರಿದ ಮನೆಯ ಗತಿಯೇ ದೇಶವೊಂದಕ್ಕೆ ಆಯಿತು.

ನೆಲ ಸರಿಮಾಡುವ ಕೆಲಸ ಈ ನಡುವೆ ಏನಾಯಿತು? 1980ರ ದಶಕದಲ್ಲಿ ಶ್ರೀಲಂಕಾದ ನ್ಯಾಯವಿದ ಕ್ರಿಸ್ಟೋಫರ್ ವೀರಮಂತ್ರಿ ಅವರ ನೇತೃತ್ವದ ಆಯೋಗ, ಸ್ವಾತಂತ್ರ್ಯಕ್ಕೆ ಮುಂಚೆ ಅಗೆದ ನೆಲದ ಹೊಣೆ ಆ ಮೂರು ದೇಶಗಳದ್ದೇ ಎಂದಿತು. 1989ರಲ್ಲಿ ನೌರು ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಆಸ್ಟ್ರೇಲಿಯಾದ ಮೇಲೆ ದಾವೆ ಹೂಡಿತು. 1992ರಲ್ಲಿ ಕೋರ್ಟು ಆಸ್ಟ್ರೇಲಿಯಾದ ಮುಖ್ಯ ಆಕ್ಷೇಪಗಳನ್ನು ತಳ್ಳಿ ವಿಚಾರಣೆಗೆ ಒಪ್ಪಿತು. ಮರುವರ್ಷವೇ ಆಸ್ಟ್ರೇಲಿಯಾ 10.7 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅದರಲ್ಲಿ ಒಂದು ಪಾಲು ಕೂಡಲೇ, ಉಳಿದದ್ದು 20 ವರ್ಷಗಳ ಕಂತಿನಲ್ಲಿ. ಅಗೆದು ಹತ್ತಾರು ವರ್ಷ ಕಳೆದ ಮೇಲೆ ಬಂದ ಈ ಹಣದಿಂದ ಆ ಕಲ್ಲಿನ ಕಾಡು ಊರಾಗಲಿಲ್ಲ. ಅಗೆಯುವಾಗಲೇ ಮೇಲ್ಮಣ್ಣು ಪಕ್ಕಕ್ಕಿಟ್ಟು, ಯಂತ್ರಗಳು ಅಲ್ಲೇ ಇರುವಾಗಲೇ ಗೂಟ ಒಡೆದು ಮಟ್ಟ ಮಾಡಿದ್ದರೆ ಆಗುತ್ತಿದ್ದ ಖರ್ಚು ಬೇರೆ. ಎಲ್ಲ ಮುಗಿದ ಮೇಲೆ, ಮಣ್ಣೂ ಇಲ್ಲದೆ, ಯಂತ್ರಗಳನ್ನು ಸಾವಿರಾರು ಕಿಲೋಮೀಟರ್ ಸಮುದ್ರದಾಚೆಯಿಂದ ತರಿಸಿ ಮಾಡುವಾಗ ಆಗುವ ಖರ್ಚು ಬೇರೆ.

ಬನಾಬಾ: ನಿಧಿ ಉಳಿಯಿತು, ಜನ ಉಳಿಯಲಿಲ್ಲ

ನಿಧಿಯನ್ನು ಜೋಪಾನ ಮಾಡಿದ್ದರೆ ಸಾಕಿತ್ತೇ? ಇದಕ್ಕೆ ಉತ್ತರ ಪಕ್ಕದ ಬನಾಬಾದಲ್ಲಿದೆ. ಅಲ್ಲೂ ಅದೇ ಫಾಸ್ಫೇಟ್, ಅದೇ ಕಂಪನಿ. ಅಲ್ಲಿನ ಆದಾಯದ ಒಂದು ಪಾಲನ್ನು 1956ರಲ್ಲಿ ಒಂದು ಮೀಸಲು ನಿಧಿಗೆ ಹಾಕಿದರು. ಬನಾಬಾದಲ್ಲಿ 1979ರಲ್ಲಿ ಗಣಿಗಾರಿಕೆ ನಿಂತಿತು, ನಿಧಿ ಮಾತ್ರ ಬೆಳೆಯಿತು. ಇಂದಿಗೂ ಅದು, ಬನಾಬಾ ಈಗ ಸೇರಿರುವ ಕಿರಿಬಾಟಿ ದೇಶದ ಬೆನ್ನೆಲುಬು. ಅದರಲ್ಲಿರುವುದು 100 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚು.

ಆದರೆ ಬನಾಬಾದ ಜನ? ಅವರಲ್ಲಿ ಹೆಚ್ಚಿನವರನ್ನು 1945ರಲ್ಲೇ 2,000 ಕಿ.ಮೀ.ಗೂ ದೂರದ ಫಿಜಿಯ ರಾಬಿ ದ್ವೀಪಕ್ಕೆ ಸಾಗಿಸಿದ್ದರು. ತಮಗೆ ಸಲ್ಲಬೇಕಾದ ಪಾಲಿಗಾಗಿ ಅವರು ಲಂಡನ್ನಿನ ಕೋರ್ಟಿನಲ್ಲಿ ದೀರ್ಘ ಮೊಕದ್ದಮೆ ನಡೆಸಿದರು. ಅವರಿಗೆ ಅನ್ಯಾಯವಾಗಿರುವುದನ್ನು ಗುರುತಿಸಿದರೂ, ಸರ್ಕಾರಕ್ಕೆ ಕಾನೂನಿನ ಪ್ರಕಾರ ಟ್ರಸ್ಟಿಯ ಹೊಣೆ ಇರಲಿಲ್ಲ ಎಂದು 1976ರ ಕೊನೆಯಲ್ಲಿ ನ್ಯಾಯಾಧೀಶರು ಹೇಳಿದರು.

ನೌರುವಿನಲ್ಲಿ ಜನ ಉಳಿದರು, ಹಣ ಹೋಯಿತು. ಬನಾಬಾದಲ್ಲಿ ಹಣ ಉಳಿಯಿತು, ಜನ ಹೋದರು. ಹಣ ಉಳಿಸುವುದು ಒಂದು ಪ್ರಶ್ನೆ; ಯಾರ ನೆಲ ಹೋಯಿತೋ ಅವರಿಗೇ ಅದು ತಲುಪುವುದು ಇನ್ನೊಂದು. ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಗಣಿ ನೀತಿಗಳು ಎಡವುತ್ತವೆ.

ನೆಲ ಮುಗಿದ ಮೇಲೆ ಮಾರಲು ಉಳಿದದ್ದು

ದೊಡ್ಡ ದೇಶದ ಒಂದು ಜಿಲ್ಲೆಯಲ್ಲಿ ಗಣಿ ಮುಚ್ಚಿದರೆ ಜನ ಹೈದರಾಬಾದಿಗೋ ಪುಣೆಗೋ ಮುಂಬೈಗೋ ಹೋಗುತ್ತಾರೆ. ಒಂಟಿ ದ್ವೀಪಕ್ಕೆ ಆ ದಾರಿಯೂ ಸಲೀಸಲ್ಲ. ಅಕ್ಕಿ, ಡೀಸೆಲ್, ಔಷಧ, ಸಿಮೆಂಟು ಎಲ್ಲ ಹಡಗಿನಲ್ಲೇ ಬರಬೇಕು. ನೌರುವಿಗೆ ಸಹಜವಾದ ಬಂದರು ಕೂಡ ಇಲ್ಲ. ಸಿಹಿನೀರಿಗೆ ಮಳೆ ಮತ್ತು ಸಮುದ್ರದ ನೀರನ್ನು ಸೋಸುವ ಯಂತ್ರಗಳೇ ಗತಿ, ಯಂತ್ರಕ್ಕೆ ಮತ್ತೆ ಡೀಸೆಲ್. ಸ್ವಂತ ನಾಣ್ಯವಿಲ್ಲ, ಆಸ್ಟ್ರೇಲಿಯನ್ ಡಾಲರೇ ಚಲಾವಣೆ. ಹಾಗಾಗಿ ಬಡ್ಡಿದರ, ವಿನಿಮಯ ದರ ಎಂಬ ಹಿಡಿಕೆಗಳು ಸರ್ಕಾರದ ಕೈಯಲ್ಲಿಲ್ಲ. ಹನ್ನೆರಡು ಸಾವಿರ ಜನರ ಮಾರುಕಟ್ಟೆಗೆ ಯಾವ ಕಾರ್ಖಾನೆಯೂ ಬರುವುದಿಲ್ಲ. ತೋಟ ಮಾಡಲು ನೆಲವಿಲ್ಲ; ಹೊರಗಿನ ಡಬ್ಬಿ ಊಟದ ಫಲವಾಗಿ ಸಕ್ಕರೆ ಕಾಯಿಲೆ, ಬೊಜ್ಜು ಜಗತ್ತಿನಲ್ಲೇ ಅತಿ ಹೆಚ್ಚಿರುವ ದೇಶಗಳಲ್ಲಿ ಅದೂ ಒಂದು.

ಆದರೂ ಒಂದು ಸ್ವತ್ತು ಉಳಿದಿದೆ: ಅದೊಂದು ದೇಶ. ವಿಶ್ವಸಂಸ್ಥೆಯಲ್ಲಿ ಒಂದು ಮತ, ಸುತ್ತ 3 ಲಕ್ಷ ಚದರ ಕಿ.ಮೀ. ಸಮುದ್ರದ ಹಕ್ಕು, ಪಾಸ್‌ಪೋರ್ಟ್ ಅಚ್ಚುಹಾಕುವ ಅಧಿಕಾರ. ಕಳೆದ 30 ವರ್ಷಗಳ ನೌರುವಿನ ವಿಚಿತ್ರ ಸುದ್ದಿಗಳೆಲ್ಲ ಈ ಒಂದು ಸ್ವತ್ತನ್ನು ಬಗೆಬಗೆಯಾಗಿ ಮಾರಿದ ಕಥೆಗಳೇ. 1990ರ ದಶಕದಲ್ಲಿ ಹೆಸರಿಗಷ್ಟೇ ಇರುವ ಬ್ಯಾಂಕುಗಳಿಗೆ ಪರವಾನಗಿ ಕೊಟ್ಟು, ಕಪ್ಪುಹಣದ ದಾರಿಯೆಂಬ ಕೆಟ್ಟ ಹೆಸರು ಪಡೆಯಿತು. ಒಬ್ಬರನ್ನು ಮಾನ್ಯ ಮಾಡಿದರೆ ಇನ್ನೊಬ್ಬರನ್ನು ಬಿಡಬೇಕಾದ ಚೀನಾ, ತೈವಾನ್ ಪೈಪೋಟಿಯಲ್ಲೂ ಹಾಗೇ: 2002ರಲ್ಲಿ ಚೀನಾಕ್ಕೆ ಮಾನ್ಯತೆ, 2005ರಲ್ಲಿ ತೈವಾನ್‌ಗೆ, 2024ರ ಜನವರಿಯಲ್ಲಿ ಮತ್ತೆ ಚೀನಾಕ್ಕೆ. 2001ರಿಂದ ಆಸ್ಟ್ರೇಲಿಯಾಕ್ಕೆ ದೋಣಿಯಲ್ಲಿ ಬರುವ ನಿರಾಶ್ರಿತರನ್ನು ಇಡುವ ಶಿಬಿರ. ನಡುವೆ ಮುಚ್ಚಿ 2012ರಲ್ಲಿ ಮತ್ತೆ ತೆರೆದರು. 2025ರಲ್ಲಿ, ಆಸ್ಟ್ರೇಲಿಯಾ ಗಡೀಪಾರು ಮಾಡಲಾಗದೆ ಉಳಿದಿದ್ದ ವಿದೇಶಿಯರನ್ನು ನೆಲೆಗೊಳಿಸಲು ಆರಂಭದಲ್ಲೇ 40 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚಿನ ಒಪ್ಪಂದ. ಟ್ಯೂನಾ ಮೀನಿನ ಪರವಾನಗಿ ಒಂದೇ ಇವುಗಳಲ್ಲಿ ಮರ್ಯಾದೆಯ ಮತ್ತು ಬಾಳಿಕೆಯ ವ್ಯಾಪಾರ. ಅಲ್ಲಿ ನೌರು ನೆರೆಯ ದ್ವೀಪಗಳ ಜೊತೆ ಸಂಘ ಕಟ್ಟಿಕೊಂಡು, ಹೊರಗಿನ ಹಡಗುಗಳಿಗೆ ದಿನದ ಲೆಕ್ಕದಲ್ಲಿ ಮೀನು ಹಿಡಿಯುವ ಹಕ್ಕು ಮಾರುತ್ತದೆ. ಒಂಟಿಯಾಗಿ ಮಾರಿದಾಗಲೆಲ್ಲ ಕಳೆದುಕೊಂಡದ್ದು, ಕೂಡಿ ಮಾರಿದಾಗ ಉಳಿದಿದೆ.

ಸಾರ್ವಭೌಮತ್ವ ಮಾರುವುದಕ್ಕೆ ಬೆಲೆಯೂ ತೆರಬೇಕಾಗುತ್ತದೆ. 2024ರ ಡಿಸೆಂಬರ್‌ನ ಒಪ್ಪಂದದಲ್ಲಿ ಆಸ್ಟ್ರೇಲಿಯಾ ಐದು ವರ್ಷಗಳಲ್ಲಿ 10 ಕೋಟಿ ಆಸ್ಟ್ರೇಲಿಯನ್ ಡಾಲರ್ ಬಜೆಟ್ ನೆರವು, ಪೊಲೀಸ್ ವ್ಯವಸ್ಥೆಗೆ 4 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡಲು ಒಪ್ಪಿತು. ಪ್ರತಿಯಾಗಿ ಭದ್ರತೆ, ಬ್ಯಾಂಕಿಂಗ್, ದೂರಸಂಪರ್ಕದಂಥ ವಿಷಯಗಳಲ್ಲಿ ನೌರು ಬೇರೆ ದೇಶದ ಜೊತೆ ಕೈಜೋಡಿಸುವ ಮುಂಚೆ ಆಸ್ಟ್ರೇಲಿಯಾದ ಮಾತು ಕೇಳಬೇಕು. ಪಾಸ್‌ಪೋರ್ಟ್ ವ್ಯಾಪಾರದ ಅಪಾಯ ತಿಳಿಯಲು ವನವಾಟು ದೇಶವನ್ನು ನೋಡಬಹುದು. ಅದು ಹೀಗೆ ಪೌರತ್ವ ಮಾರಿದ್ದಕ್ಕೆ ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರಿನಲ್ಲಿ ಅಲ್ಲಿನವರ ವೀಸಾ ವಿನಾಯಿತಿಯನ್ನೇ ರದ್ದು ಮಾಡಿತು. ಕೊಂಡವನಿಗಷ್ಟೇ ಅಲ್ಲ, ಅಲ್ಲೇ ಹುಟ್ಟಿ ಬೆಳೆದವನಿಗೂ ಪಾಸ್‌ಪೋರ್ಟಿನ ಬೆಲೆ ಕುಸಿಯುತ್ತದೆ.

ಸಮುದ್ರದ ತಳದ ಜಗಳ

2021ರ ಜೂನ್‌ನಲ್ಲಿ ಯಾವ ದೇಶಕ್ಕೂ ಸೇರದ ಸಮುದ್ರತಳದ ಗಣಿಗಾರಿಕೆಯನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರಕ್ಕೆ ನೌರು ನೋಟಿಸ್ ಕೊಟ್ಟು, ಎರಡು ವರ್ಷದೊಳಗೆ ಗಣಿಗಾರಿಕೆಯ ನಿಯಮ ರೂಪಿಸಿ ಎಂದಿತು. ಕೆನಡಾದ ದಿ ಮೆಟಲ್ಸ್ ಕಂಪನಿಯ ಅಂಗಸಂಸ್ಥೆಯೊಂದಕ್ಕೆ ನೌರು ಪ್ರಾಯೋಜಕ ದೇಶ, ಅಂದರೆ ಅದರ ಬೆನ್ನಿಗೆ ನಿಂತು ಅದರ ಮೇಲೆ ನಿಗಾ ಇಡಬೇಕಾದ ದೇಶ. ನಾಲ್ಕೈದು ಕಿಲೋಮೀಟರ್ ಆಳದಲ್ಲಿ, ಬಟಾಟೆ ಗಾತ್ರದ ಗಂಟುಗಳಲ್ಲಿ ನಿಕ್ಕಲ್, ಕೋಬಾಲ್ಟ್, ತಾಮ್ರ, ಮ್ಯಾಂಗನೀಸ್ ಇವೆ. ಬ್ಯಾಟರಿಗಳಿಗೆ ಇವು ಬೇಕು.

ನೌರು ಸರ್ಕಾರದ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ: ಹವಾಮಾನ ಕೆಡಿಸಿದವರು ನಾವಲ್ಲ, ನೆರವಿನ ಮಾತು ಕೊಟ್ಟವರು ಕೊಡಲಿಲ್ಲ, ನಮ್ಮ ಬಳಿ ಬೇರೆ ದಾರಿ ಏನಿದೆ? ಆದರೆ ಪಲಾವು, ಫಿಜಿಯಂಥ ನೆರೆಯ ದ್ವೀಪಗಳೇ ತಡೆ ಕೇಳುತ್ತಿವೆ. ಆ ಗಂಟುಗಳು ಹತ್ತು ಲಕ್ಷ ವರ್ಷಕ್ಕೆ ಕೆಲವು ಮಿಲಿಮೀಟರ್ ಬೆಳೆಯುತ್ತವೆ. ಕೆದಕಿದ ತಳ ಮನುಷ್ಯರ ಆಯುಷ್ಯದಲ್ಲಿ ಸರಿಹೋಗದು ಎಂಬುದು ಅವರ ಆತಂಕ. ಹೊಣೆಯ ಪ್ರಶ್ನೆ ಇನ್ನೂ ಕಠಿಣ. ಅನಾಹುತವಾದರೆ ಬಡ ಪ್ರಾಯೋಜಕ ದೇಶದ ಹೊಣೆ ಎಷ್ಟು ಎಂದು ಮೊದಲು ಕೇಳಿದ್ದೇ ನೌರು, 2010ರಲ್ಲಿ. ಎಚ್ಚರಿಕೆಯ ಹೊಣೆ ಬಡ ದೇಶಕ್ಕೆಂದು ಕಡಿಮೆಯಾಗುವುದಿಲ್ಲ ಎಂದು ಸಮುದ್ರ ಕಾನೂನು ನ್ಯಾಯಮಂಡಳಿಯ ಪೀಠ 2011ರಲ್ಲಿ ಅಭಿಪ್ರಾಯ ಕೊಟ್ಟಿತು. ಅಂದರೆ ಟನ್ನಿಗೆ ಅರ್ಧ ಪೆನ್ನಿಯ ಕಾಲದ ಪ್ರಶ್ನೆಯೇ ಸಮುದ್ರಕ್ಕೆ ಇಳಿದಿದೆ: ಸರಿಮಾಡುವ ಖರ್ಚು ಯಾರ ಲೆಕ್ಕದಲ್ಲಿ ಬರೆದಿದೆ?

ಅಲ್ಲಿ ಉಳಿದದ್ದು ಸುಣ್ಣಗಲ್ಲು, ಇಲ್ಲಿ ಹೋಗುತ್ತಿರುವುದು ಸುಣ್ಣಗಲ್ಲು

ಈಗ ನಮ್ಮ ಕಾಗಿಣಾ ನದಿಯ ದಂಡೆಗೆ ಬರೋಣ. ವಾಡಿಯಲ್ಲಿ 1968ರಿಂದ ಸಿಮೆಂಟ್ ತಯಾರಾಗುತ್ತಿದೆ. ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಗೂ ಕಾರ್ಖಾನೆಗಳು ಬಂದವು. ಶಹಾಬಾದ್ ಪರ್ಸಿ, ಅಂದರೆ ಇಲ್ಲಿನ ಚಪ್ಪಡಿ ಕಲ್ಲು, ಅದಕ್ಕೂ ಹಳೆಯದು, ಎಷ್ಟೋ ಊರುಗಳ ಮನೆ, ಶಾಲೆ, ಕಚೇರಿಗಳ ನೆಲಹಾಸು ಅದೇ. ಎರೆ ಮಣ್ಣಿನ ಕೆಳಗಿರುವ ಈ ಸುಣ್ಣಗಲ್ಲೇ ನಮ್ಮ ತೊಗರಿಯ ರುಚಿಗೂ ಪಾಲುದಾರ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಯ ಗುಣಕ್ಕೆ ಮಣ್ಣಿನಲ್ಲಿರುವ ಕ್ಯಾಲ್ಸಿಯಂ, ಪೊಟ್ಯಾಶಿಯಂ ಕಾರಣವೆಂದು ಹೇಳಲಾಗುತ್ತದೆ. ಅಂದರೆ ಒಂದೇ ನೆಲದಿಂದ ಎರಡು ಆದಾಯ. ಒಂದು ವರ್ಷವರ್ಷ ಬರುತ್ತದೆ, ಇನ್ನೊಂದು ಒಮ್ಮೆ ಮಾತ್ರ.

ಕಲಬುರಗಿ ನೌರು ಅಲ್ಲ. ನಮ್ಮಲ್ಲಿ ಅಗೆದಿರುವುದು ಜಿಲ್ಲೆಯ ಸಣ್ಣ ಪಾಲು. ಆದರೆ ಖಣಿಯ ಪಕ್ಕದ ಹಳ್ಳಿಗೆ ಜಿಲ್ಲೆಯ ಸರಾಸರಿಯಿಂದ ಸಮಾಧಾನವಿಲ್ಲ. ಸೀಮೆಯ ಅರ್ಧ ಹೊಲ ಗುತ್ತಿಗೆಗೆ ಹೋದ ಹಳ್ಳಿಯೊಂದು ತನ್ನ ಮಟ್ಟಿಗೆ ದ್ವೀಪವೇ. ಕಂಪನಿಗಳ ವಾದದಲ್ಲೂ ಹುರುಳಿದೆ: ಮಳೆ ನಂಬಿದ ಒಣ ಬೇಸಾಯಕ್ಕಿಂತ ಕಾರ್ಖಾನೆಯ ಕೂಲಿ ಗಟ್ಟಿ, ಅಗೆದ ಗುಂಡಿ ಮುಂದೆ ಕೆರೆಯಾಗುತ್ತದೆ. ಹಳ್ಳಿಗರ ದೂರು ಬೇರೆ: ಖಣಿಯಿಂದ ನೀರೆತ್ತಿದಾಗ ಬಾವಿ ಬತ್ತುತ್ತದೆ, ಧೂಳು ತೊಗರಿಯ ಹೂವಿನ ಮೇಲೆ ಕೂರುತ್ತದೆ, ಸ್ಫೋಟಕ್ಕೆ ಗೋಡೆ ಬಿರಿಯುತ್ತದೆ. ಪರ್ಸಿ ಖಣಿಗಳ ಕಾರ್ಮಿಕರದು ಮೂರನೆಯ ನಿಲುವು. ನಿಯಮ ಬಿಗಿ ಮಾಡಿ ಸಣ್ಣ ಖಣಿ ಮುಚ್ಚಿಸಿದರೆ ಮೊದಲು ಒಲೆ ಆರುವುದು ಅವರದು.

ಕೆರೆಯ ಮಾತನ್ನು ತುಸು ಬಿಡಿಸಬೇಕು. ಎಷ್ಟೋ ಗಣಿಗಳಲ್ಲಿ ಅದಿರಿಗಿಂತ ಹೆಚ್ಚಾಗಿ ಬೇಡದ ಮಣ್ಣು ಬರುತ್ತದೆ, ಅದನ್ನೇ ಮತ್ತೆ ಗುಂಡಿಗೆ ತುಂಬಬಹುದು. ಸಿಮೆಂಟಿನ ಸುಣ್ಣಗಲ್ಲಿನಲ್ಲಿ ಹಾಗಲ್ಲ. ಸುಣ್ಣಗಲ್ಲನ್ನು ಸುಟ್ಟು ಮಾಡುವ, ಪುಡಿಮಾಡಿದರೆ ಸಿಮೆಂಟಾಗುವ ಒಂದು ಟನ್ ಕ್ಲಿಂಕರ್‌ಗೆ ಸುಮಾರು ಒಂದೂವರೆ ಟನ್ ಕಲ್ಲು ಬೇಕು, ಅಗೆದದ್ದರಲ್ಲಿ ಬಹುಪಾಲು ಕಾರ್ಖಾನೆಗೇ ಹೋಗುತ್ತದೆ. ತುಂಬಲು ಉಳಿಯುವುದು ಮೇಲಿನ ತೆಳು ಎರೆಮಣ್ಣು ಮಾತ್ರ. ಆದ್ದರಿಂದ ಗುಂಡಿ ಗುಂಡಿಯಾಗಿಯೇ ಉಳಿಯುತ್ತದೆ. ಅದರ ಅಂಚು ಇಳಿಜಾರಾಗಿ ಮೆಟ್ಟಿಲಿಟ್ಟಿದ್ದರೆ, ದನ ಇಳಿಯಲು ದಾರಿಯಿದ್ದರೆ, ನೀರೆತ್ತಿ ಹೊಲಕ್ಕೆ ಹಾಯಿಸಲು ಹಕ್ಕು ಬರೆದಿದ್ದರೆ ಅದು ಕೆರೆ. ಕಡಿದಾದ ಗೋಡೆಯ, ಬೇಲಿಯಿಲ್ಲದ ನೀರು ಮಕ್ಕಳನ್ನು ನುಂಗುವ ಬಾಯಿ. ಎರಡರ ನಡುವಿನ ವ್ಯತ್ಯಾಸ ತೀರ್ಮಾನವಾಗುವುದು ಅಗೆಯುವ ವರ್ಷಗಳಲ್ಲೇ.

ಕಾನೂನಿನಲ್ಲಿ ಇದಕ್ಕೆ ಜಾಗವಿದೆ. ಪ್ರಮುಖ ಖನಿಜದ ಗಣಿಗಳು ಹಂತಹಂತವಾಗಿ ಮುಚ್ಚುವ ಯೋಜನೆ ಕೊಡಬೇಕು, ಯಂತ್ರ ಬಳಸುವ ದೊಡ್ಡ ಗಣಿಗಳು ಹೆಕ್ಟೇರಿಗೆ 5 ಲಕ್ಷ ರೂಪಾಯಿ ಹಣಕಾಸು ಭದ್ರತೆ ಇಡಬೇಕು. ಎಕರೆಗೆ 2 ಲಕ್ಷವಾಯಿತು. ಒಂದು ಎಕರೆ ಬಂಡೆಗುಂಡಿಯನ್ನು ಬಳಕೆಗೆ ಬರುವಂತೆ ಮಾಡಲು ಇದು ಸಾಲದು ಎಂಬುದು ನನ್ನ ಅಭಿಪ್ರಾಯ. ಜೆಸಿಬಿ, ಟಿಪ್ಪರ್ ಬಾಡಿಗೆ ಕೊಟ್ಟು ಗೊತ್ತಿರುವ ಯಾರಾದರೂ ಒಪ್ಪುತ್ತಾರೆ. ಪರ್ಸಿಯಂಥ ಉಪಖನಿಜ ರಾಜ್ಯದ ನಿಯಮಕ್ಕೆ ಬರುತ್ತದೆ. ಅಲ್ಲಿ ಹಳೆಯ, ವಾರಸುದಾರರಿಲ್ಲದ ಗುಂಡಿಗಳದ್ದೇ ದೊಡ್ಡ ಸಮಸ್ಯೆ.

ಟನ್ನಿಗೆ 24 ರೂಪಾಯಿ, ಮುಂದೆ 8

ಸಿಮೆಂಟ್ ಸುಣ್ಣಗಲ್ಲಿಗೆ ಸರ್ಕಾರಕ್ಕೆ ಕಟ್ಟುವ ರಾಜಧನ (ರಾಯಲ್ಟಿ) ಟನ್ನಿಗೆ 80 ರೂಪಾಯಿ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ, ಗಣಿಯ ಬಾಧೆಗೆ ಸಿಕ್ಕ ಊರುಗಳಿಗಾಗಿ ಹಣ ಕೂಡಿಸುವ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. 2015ರ ಜನವರಿ 12ಕ್ಕೆ ಮುಂಚಿನ ಗುತ್ತಿಗೆದಾರರು ರಾಜಧನದ ಮೇಲೆ ಶೇ 30ರಷ್ಟನ್ನು, ಆ ನಂತರ ಗುತ್ತಿಗೆ ಪಡೆದವರು ಶೇ 10ರಷ್ಟನ್ನು ಪ್ರತಿಷ್ಠಾನಕ್ಕೆ ಕೊಡಬೇಕು. ಅಂದರೆ ಹಳೆಯ ಗುತ್ತಿಗೆಯ ಪ್ರತಿ ಟನ್ನಿಗೆ 24 ರೂಪಾಯಿ, ಹೊಸದಕ್ಕೆ 8 ರೂಪಾಯಿ. ಹೊಸ ಗುತ್ತಿಗೆದಾರ ಹರಾಜಿನ ಪ್ರೀಮಿಯಂ ಕೊಡುತ್ತಾನೆ, ಆ ಹಣ ಹೋಗುವುದು ರಾಜ್ಯದ ಖಜಾನೆಗೆ.

ಇದರ ಪರಿಣಾಮ ಬಹಳ ಜನರ ಕಣ್ಣಿಗೆ ಬಿದ್ದಿಲ್ಲ. ಸ್ವಂತ ಕಾರ್ಖಾನೆಗೆ ಕಲ್ಲು ತೆಗೆಯುವ ಹಳೆಯ ಗುತ್ತಿಗೆಗಳಿಗೆ ಕಾಯ್ದೆ 2030ರ ಮಾರ್ಚ್ 31ರವರೆಗೆ, ಅಥವಾ ಗುತ್ತಿಗೆ ಕೊಟ್ಟ ದಿನದಿಂದ 50 ವರ್ಷ ತುಂಬುವವರೆಗೆ, ಯಾವುದು ತಡವೋ ಅಲ್ಲಿಯವರೆಗೆ ಅವಧಿ ಕೊಟ್ಟಿದೆ. ಆಮೇಲೆ ಹರಾಜು. ಕಾಯ್ದೆ ಹೀಗೇ ಉಳಿದರೆ, ಅದೇ ಖಣಿ, ಅದೇ ಧೂಳು ಇದ್ದೂ ಪ್ರತಿಷ್ಠಾನಕ್ಕೆ ಟನ್ನಿಗೆ ಬರುವುದು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ರಾಜ್ಯದ ಆದಾಯ ಹೆಚ್ಚಬಹುದು, ಖಣಿಯ ಪಕ್ಕದ ಹಳ್ಳಿಯದು ಕುಗ್ಗುತ್ತದೆ. ನಿಧಿ ಒಂದು ಕಡೆ, ಜನ ಇನ್ನೊಂದು ಕಡೆ ಎಂಬ ಬನಾಬಾದ ಲೆಕ್ಕ ಸದ್ದಿಲ್ಲದೆ ಬರುವುದು ಹೀಗೆ. ಖನಿಜ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಜುಲೈ 25ರಂದು ಬಹುಮತದ ತೀರ್ಪು ಕೊಟ್ಟಿದೆ. ಆ ತೆರಿಗೆಯ ಹಣದಲ್ಲಿ ಖಣಿ ಹಳ್ಳಿಗೆ ಎಷ್ಟು ಎಂಬುದು ಅದರ ಮುಂದಿನ ಪ್ರಶ್ನೆ.

ಬರುವ ಹಣ ಯಾವುದಕ್ಕೆ ಹೋಗಬೇಕು ಎಂಬಲ್ಲಿಯೂ ನೌರು ಕಣ್ಣಮುಂದಿರಲಿ. 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ, ಪ್ರತಿಷ್ಠಾನದ ಹಣದಲ್ಲಿ ಶೇ 70ರಷ್ಟನ್ನು ಕುಡಿಯುವ ನೀರು, ಪರಿಸರ, ಆರೋಗ್ಯ, ಶಿಕ್ಷಣದಂಥ ಆದ್ಯತೆಗಳಿಗೆ ಇಡಬೇಕೆನ್ನುತ್ತದೆ. ಗಣಿ ನಿಂತ ಊರುಗಳ ಜೀವನೋಪಾಯಕ್ಕಾಗಿ ಒಂದು ಭಾಗವನ್ನು ಶಾಶ್ವತ ನಿಧಿಯಾಗಿ ಕೂಡಿಡಲೂ ಅವಕಾಶವಿದೆ. ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ಅಡಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಬೇರೆಯೇ ಬರುತ್ತದೆ. ರಸ್ತೆ, ಕಟ್ಟಡಗಳಿಗೆ ಆ ಹಣವಿರುವಾಗ, ಕಲ್ಲು ಮಾರಿ ಬಂದ ಹಣವನ್ನೂ ಅವುಗಳಿಗೇ ಸುರಿದರೆ ಗುಂಡಿಗಳ ಪಾಲಿಗೆ ಏನೂ ಉಳಿಯುವುದಿಲ್ಲ. ನೌರುವಿನ ನಿಧಿಯನ್ನು ಕರಗಿಸಿದ್ದು ಕಳ್ಳತನಕ್ಕಿಂತ ಹೆಚ್ಚಾಗಿ ಇಂಥ ದಿನಖರ್ಚು.

2030ರೊಳಗೆ ಕೇಳಬೇಕಾದದ್ದು

ನೌರುವಿನಲ್ಲಿ ಮುಂದಿನ ಕೆಲವು ವರ್ಷಗಳಲ್ಲಿ ಪಾಸ್‌ಪೋರ್ಟ್ ಹಣ ನಿರೀಕ್ಷೆಗಿಂತ ನಿಧಾನವಾಗಿ ಬರಬಹುದು, ಆಸ್ಟ್ರೇಲಿಯಾದ ಮೇಲಿನ ಅವಲಂಬನೆ ಇನ್ನೂ ಹೆಚ್ಚಬಹುದು. 2015ರಲ್ಲಿ ಅವರು ಹೊಸದೊಂದು ನಿಧಿ ಕಟ್ಟಿದ್ದಾರೆ. ಈ ಬಾರಿ ದೇಣಿಗೆ ಕೊಡುವ ದೇಶಗಳೂ ಅದರ ಮೇಲ್ವಿಚಾರಣೆಯಲ್ಲಿ ಕೂತಿವೆ, ಸರ್ಕಾರ ಮನಬಂದಂತೆ ಕೈಹಾಕುವಂತಿಲ್ಲ. ಒಂದು ತಲೆಮಾರು ತಡವಾಗಿ ಬಂದ ಗೋಡೆ ಅದು.

ಕಲಬುರಗಿಗೆ ಆ ಗೋಡೆ ಕಟ್ಟಲು ಇನ್ನೂ ಸಮಯವಿದೆ. ಖನಿಜ ಪ್ರತಿಷ್ಠಾನಕ್ಕೆ ಎಷ್ಟು ಬಂತು, ಯಾವ ಹಳ್ಳಿಗೆ ಎಷ್ಟು ಹೋಯಿತು, ಸಭೆಯ ನಡಾವಳಿ ಏನು ಎಂಬುದನ್ನು ಜಾಲತಾಣದಲ್ಲಿ ಹಾಕಬೇಕೆಂದು ಮಾರ್ಗಸೂಚಿಯೇ ಹೇಳುತ್ತದೆ. ಗಣಿ ಮುಚ್ಚುವ ಯೋಜನೆಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಬಹುದು. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳು ಆ ಪ್ರತಿಯನ್ನು ಕನ್ನಡಕ್ಕೆ ತರಿಸಿ ಗ್ರಾಮಸಭೆಯಲ್ಲಿ ಓದಿಸಿದರೆ ಮೂರು ಸಂಗತಿ ತಿಳಿಯುತ್ತವೆ: ತೆಗೆದ ಎರೆಮಣ್ಣನ್ನು ಎಲ್ಲಿ ರಾಶಿ ಹಾಕಿದ್ದಾರೆ, ಯಾವ ಗುಂಡಿಯ ಅಂಚನ್ನು ಯಾವ ವರ್ಷ ಇಳಿಜಾರು ಮಾಡುತ್ತಾರೆ, ಅದರಲ್ಲಿ ನಿಲ್ಲುವ ನೀರು ಯಾರದು. ಮೊದಲ ಪ್ರಶ್ನೆಯಿಂದಲೇ ಶುರುಮಾಡುವುದು ಒಳ್ಳೆಯದು, ಯಾಕೆಂದರೆ ರಾಶಿ ಹಾಕಿದ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ.